ನಿಮಗಿದು ಗೊತ್ತೆ? ನಾಣ್ಯವಿಲ್ಲದ ಸರ್ಕಾರಿ ಬ್ಲಾಕ್‌ಚೈನ್!

ಬಿಟ್‌ಕಾಯಿನ್‌ನಿಂದ ಹೆಸರಾದ, ದಾಖಲೆಯ ಪ್ರತಿಗಳನ್ನು ಹಲವು ಕಂಪ್ಯೂಟರ್‌ಗಳಲ್ಲಿ ಇಡುವ ಬ್ಲಾಕ್‌ಚೈನ್ ನಮ್ಮಲ್ಲಿ ಸರ್ಕಾರದ ದುಡ್ಡಿನಲ್ಲೇ ನಡೆಯುತ್ತಿದೆ, ಅದೂ ಯಾವ ನಾಣ್ಯವೂ ಇಲ್ಲದೆ. 64.76 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ಬ್ಲಾಕ್‌ಚೈನ್ ಯೋಜನೆಯಡಿ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 4ರಂದು ‘ವಿಶ್ವಸ್ಯ’ ವೇದಿಕೆಯನ್ನು ಬಿಡುಗಡೆ ಮಾಡಿತು. ಇದರ ಸರ್ವರ್‌ಗಳಿರುವುದು ಪುಣೆ, ಭುವನೇಶ್ವರ ಮತ್ತು ಹೈದರಾಬಾದ್‌ನಲ್ಲಿ. ಇದಕ್ಕೂ ಮೊದಲು, 2020ರ ಜನವರಿಯಲ್ಲೇ, ರಾಷ್ಟ್ರೀಯ ಮಾಹಿತಿ ಕೇಂದ್ರವು ಬೆಂಗಳೂರಿನಲ್ಲಿ ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ ತೆರೆದಿತ್ತು.

ಸರ್ಕಾರಿ ದಾಖಲೆ ಕಾಯುವ ಇಂಥ ಕೆಲಸಕ್ಕೆ ಸರ್ಕಾರದ ಅನುದಾನವೇ ಸರಿಯಾದ ದಾರಿ. ಅಂಕಪಟ್ಟಿಗೊಂದು, ಜಾತಿ ಪ್ರಮಾಣಪತ್ರಕ್ಕೊಂದು, ಔಷಧ ದಾಸ್ತಾನಿಗೊಂದು ಎಂದು ಇಲಾಖೆಗಳು ಬೇರೆಬೇರೆಯಾಗಿ ಬ್ಲಾಕ್‌ಚೈನ್ ಕಟ್ಟಿಕೊಂಡರೆ ಖರ್ಚು ಹೆಚ್ಚುತ್ತದೆ, ಒಂದರ ದಾಖಲೆ ಇನ್ನೊಂದಕ್ಕೆ ಹೊಂದುವುದೂ ಕಷ್ಟ. ಊರಿಗೆಲ್ಲ ಒಂದೇ ಕೆರೆಯಿದ್ದಂತೆ, ತಳಹದಿ ಎಲ್ಲರದೂ ಆಗಿರಬೇಕು. ಎಲ್ಲವೂ ಸರ್ಕಾರದ ಕೈಯಲ್ಲೇ ಇದ್ದರೆ ಬ್ಲಾಕ್‌ಚೈನ್ ಏಕೆ ಎಂಬ ಆಕ್ಷೇಪವಿದೆ. ನ್ಯಾಯವಾದ ಪ್ರಶ್ನೆಯೇ. ಆದರೆ ಪ್ರತಿಗಳು ಹಲವೆಡೆ ಇರುವುದರಿಂದ ಒಂದು ಕಡೆ ಗುಟ್ಟಾಗಿ ತಿದ್ದಿದರೆ ಉಳಿದವುಗಳೊಂದಿಗೆ ತಾಳೆಯಾಗದು, ಮೋಸ ಬಯಲಾಗುತ್ತದೆ. ಮೊದಲೇ ತಪ್ಪಾಗಿ ದಾಖಲಾದದ್ದನ್ನು ಮಾತ್ರ ಯಾವ ಬ್ಲಾಕ್‌ಚೈನ್ ಕೂಡ ಪತ್ತೆಹಚ್ಚಲಾರದು. ಹಾಗಾಗಿ ಅನುದಾನದ ಒಂದು ಪಾಲು ದಾಖಲೆ ಬರೆಯುವ ಸಿಬ್ಬಂದಿಯ ತರಬೇತಿಗೂ ಸಲ್ಲಬೇಕು.