ಜಾಲಹಳ್ಳಿ ಕಲಿಸಿತು, ಪೀಣ್ಯ ಬೆಳೆಯಿತು

ಬ್ಯಾಟರಾಯನಪುರ, ಕೊಡಿಗೇಹಳ್ಳಿ, ವಿದ್ಯಾರಣ್ಯಪುರದ ಹಳೆಯ ಬೀದಿಗಳಲ್ಲಿ ಮನೆ ಕಟ್ಟಿದವರು ಯಾರೆಂದು ವಿಚಾರಿಸಿದರೆ ಎರಡು ಹೆಸರು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ: ಬಿಇಎಲ್, ಎಚ್‌ಎಂಟಿ. ಹಳ್ಳಿಗಳ ಗುಂಪಾಗಿದ್ದ ಬ್ಯಾಟರಾಯನಪುರ ನಗರಸಭೆಯಾಗಿ, 2007ರಲ್ಲಿ ಬಿಬಿಎಂಪಿಗೆ ಸೇರುವಷ್ಟು ಬೆಳೆದದ್ದರಲ್ಲಿ ಜಾಲಹಳ್ಳಿಯ ಈ ಕಾರ್ಖಾನೆಗಳ ಸಂಬಳದ ಪಾಲೂ ಇದೆ. ಸಂಬಳಕ್ಕಿಂತ ದೊಡ್ಡದನ್ನೂ ಅವು ಕೊಟ್ಟವು. ಅದನ್ನು ನಾವು ಸರಿಯಾಗಿ ಬರೆದಿಟ್ಟುಕೊಳ್ಳಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದ ಜಾಗ ಜಾಲಹಳ್ಳಿ. ಯಂತ್ರಗಳನ್ನು ತಯಾರಿಸುವ ಯಂತ್ರ ನಮ್ಮಲ್ಲೇ ಆಗಬೇಕೆಂದು ಕೇಂದ್ರ ಸರ್ಕಾರ 1949ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. 1953ರಲ್ಲಿ ಇದೇ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹುಟ್ಟಿತು, ಮರುವರ್ಷ ಬಿಇಎಲ್. ಲೇತನ್ನು ಕಣ್ಣಲ್ಲಿ ಕಂಡಿರದ ಹುಡುಗರು ಟರ್ನರ್, ಫಿಟ್ಟರ್ ಆದರು.

ಆ ಕಲಿಕೆ ಎಂಥದ್ದೆಂದು ತಿಳಿಯಲು ಸ್ಕ್ರೇಪಿಂಗ್ ಒಂದನ್ನು ನೋಡಿದರೆ ಸಾಕು. ಲೇತಿನ ಬೆಡ್ಡು ಎಷ್ಟು ಸಮತಟ್ಟಾಗಿದೆ ಎಂದು ಪರೀಕ್ಷಿಸಲು ಸರ್ಫೇಸ್ ಪ್ಲೇಟಿಗೆ ತೆಳ್ಳಗೆ ನೀಲಿ ಸವರಿ, ಬೆಡ್ಡಿನ ಮೇಲಿಟ್ಟು ಉಜ್ಜುತ್ತಾರೆ. ಉಬ್ಬಿದ ಕಡೆಯೆಲ್ಲ ನೀಲಿ ಹತ್ತುತ್ತದೆ. ಸ್ಕ್ರೇಪರ್ ಹಿಡಿದು ಆ ಚುಕ್ಕೆಗಳನ್ನಷ್ಟೇ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಕೆರೆತ. ಇಡೀ ಮೈಗೆ ಚುಕ್ಕೆ ಸಮನಾಗಿ ಹರಡುವ ತನಕ ಕೈ ಬಿಡುವಂತಿಲ್ಲ. ಮೈಕ್ರಾನ್ ಲೆಕ್ಕದ ಈ ಶಿಸ್ತು ಕೈಗೆ ಹತ್ತಿದವನು ಎಲ್ಲಿ ಹೋದರೂ ಬದುಕುತ್ತಿದ್ದ.

ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ ಇದರ ಮುಂದಿನದು. ಎಚ್‌ಎಂಟಿ ತನ್ನ ಉಳಿತಾಯದ ಹಣದಿಂದಲೇ ಬೆಂಗಳೂರಿನಲ್ಲಿ ಎರಡನೇ ಕಾರ್ಖಾನೆ ಕಟ್ಟಿತು. ಅಷ್ಟಕ್ಕೇ ನಿಲ್ಲದೆ, ಬಿಡಿಭಾಗಗಳನ್ನೆಲ್ಲ ತಾನೇ ಮಾಡುವ ಹಟ ಬಿಟ್ಟು ಸಣ್ಣ ಘಟಕಗಳಿಗೆ ಹಂಚಿತು. ಪೂರಕ ಕೈಗಾರಿಕೆಗಳಿಗೆಂದೇ ಎಸ್ಟೇಟು ಮಾಡಿತು. ಡ್ರಾಯಿಂಗ್ ಕೊಟ್ಟು, ಅಳತೆ ತಪ್ಪಿದ್ದನ್ನು ರಿಜೆಕ್ಟ್ ಮಾಡಿ, ಸರಿಯಾದದ್ದನ್ನು ಕೊಂಡಿತು. ನಿನ್ನೆಯವರೆಗೆ ಕಾರ್ಡ್ ಪಂಚ್ ಮಾಡುತ್ತಿದ್ದವನಿಗೆ ನಾಲ್ಕು ಜನರಿಗೆ ಕೆಲಸ ಕೊಡುವ ಮಾಲೀಕನಾಗುವ ದಾರಿ ತೆರೆಯಿತು.

ರಾಜ್ಯ ಸರ್ಕಾರವೂ ಕೈಜೋಡಿಸಿತು. ಸಾಲಕ್ಕೆ 1959ರಲ್ಲಿ ಕೆಎಸ್‌ಎಫ್‌ಸಿ, ಶೆಡ್ಡಿಗೆ 1960ರಲ್ಲಿ ಕೆಎಸ್‌ಎಸ್‌ಐಡಿಸಿ, ಜಮೀನಿಗೆ 1966ರ ಕಾಯ್ದೆಯ ಮೇಲೆ ಕೆಐಎಡಿಬಿ ಬಂದವು. ತುಮಕೂರು ರಸ್ತೆಯಲ್ಲಿ 1962ರಲ್ಲಿ ಯಂತ್ರೋಪಕರಣಗಳ ಸಂಶೋಧನೆಗೆಂದು ಕೇಂದ್ರದ ಸಿಎಂಟಿಐ ಎದ್ದಿತು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ರಾಜಾಜಿನಗರದಲ್ಲಿ ಟೂಲ್‌ರೂಮ್ ತರಬೇತಿ ಕೊಡುವ ಜಿಟಿಟಿಸಿ ಆರಂಭವಾಯಿತು. 1970ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶ ತಲೆಯೆತ್ತಿದಾಗ ಕಸುಬು ಬಲ್ಲ ಕೈಗಳು ಸುತ್ತಮುತ್ತ ಸಿದ್ಧವಾಗಿದ್ದವು.

ಹಾದಿ ಸುಗಮವಾಗಿತ್ತೆಂದಲ್ಲ. 1966ರಿಂದ ಮೂರು ವರ್ಷ ಪಂಚವಾರ್ಷಿಕ ಯೋಜನೆಯೇ ನಿಂತು, ಯಂತ್ರ ಕೊಳ್ಳುವವರು ಕಡಿಮೆಯಾದರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾಗಿದ್ದ ಗಡಿಯಾರ ಎಚ್‌ಎಂಟಿಯ ಕೈ ಹಿಡಿಯಿತು. ಎಸ್‌.ಎಂ. ಪಾಟೀಲರ ಮುಂದಾಳತ್ವದಲ್ಲಿ ಸಂಸ್ಥೆ ಟ್ರ್ಯಾಕ್ಟರ್, ಮುದ್ರಣ ಯಂತ್ರಗಳತ್ತ ಹೊರಳಿ ಉಳಿದುಕೊಂಡಿತು. 1991ರ ನಂತರ ಆ ಚುರುಕು ಉಳಿಯಲಿಲ್ಲ. 2016ರಲ್ಲಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಗಡಿಯಾರ ನಿಂತದ್ದಕ್ಕೆ ಊರೆಲ್ಲ ಮರುಗಿತು. ಕಸುಬು ಕಲಿಸುತ್ತಿದ್ದ ಮನೆಯೊಂದು ಸೊರಗಿದ್ದಕ್ಕೆ ಮರುಗಿದವರು ಕಡಿಮೆ, ನನ್ನ ಸಂಕಟ ಅದಕ್ಕೇ.

ಈಗ ನಿಯಮಗಳಿಗೆ ಕೊರತೆಯಿಲ್ಲ. ಕೇಂದ್ರದ ಇಲಾಖೆಗಳು, ಉದ್ಯಮಗಳು ತಮ್ಮ ಖರೀದಿಯ ಶೇ 25ರಷ್ಟನ್ನು ಅತಿಸಣ್ಣ ಮತ್ತು ಸಣ್ಣ ಘಟಕಗಳಿಂದ ಕೊಳ್ಳಬೇಕು. 2006ರ ಕಾಯ್ದೆಯ ಪ್ರಕಾರ ಅವುಗಳ ಬಾಕಿಯನ್ನು ಹೆಚ್ಚೆಂದರೆ 45 ದಿನದೊಳಗೆ ಪಾವತಿಸಬೇಕು. ಆದರೂ ಶೆಡ್ಡುಗಳಲ್ಲಿ ಮಾತು ಹೊರಳುವುದು ಬಾರದ ಪೇಮೆಂಟಿನ ಕಡೆಗೇ. ಸಬ್ಸಿಡಿ ಸಾಲ ಸಿಗುತ್ತದೆ. ಸಾಲಕ್ಕೂ ಮೊದಲು ಕಸುಬು, ಸಾಲದ ಬೆನ್ನಿಗೆ ಆರ್ಡರು ಎಂಬ ಸರಣಿ ಕಡಿದುಹೋಗಿದೆ. ಬರೀ ಸಾಲ ಕೊಟ್ಟರೆ ಯಂತ್ರ ಬರುತ್ತದೆ, ಕೆಲಸ ಬರುವುದಿಲ್ಲ.

ಉತ್ತರ ಬೆಂಗಳೂರಿನ ಕೈಗಾರಿಕೆ ಇಂದು ದೇವನಹಳ್ಳಿಯ ಏರೋಸ್ಪೇಸ್ ಪಾರ್ಕಿನತ್ತ ಮುಖ ಮಾಡಿದೆ. ಚನ್ನರಾಯಪಟ್ಟಣ ಹೋಬಳಿಯ ರೈತರು ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಜುಲೈನಲ್ಲಿ ಆ ಪಾರ್ಕಿಗೆಂದು ಹೊರಟಿದ್ದ 1,777 ಎಕರೆ ಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಭೂಮಿ ಕೊಟ್ಟವರ ಮಕ್ಕಳಿಗೆ ಕೆಲಸ ಕೊಡುತ್ತೇವೆಂಬ ಬಾಯಿಮಾತನ್ನು ಜನ ಇನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಸರ್ಕಾರಿ ಜಮೀನು, ರಿಯಾಯಿತಿ ಪಡೆಯುವ ಪ್ರತಿ ಕಂಪನಿಗೂ ಸರ್ಕಾರ ಎರಡು ಪ್ರಶ್ನೆ ಹಾಕಲಿ: ಈ ತಾಲ್ಲೂಕಿನ ಎಷ್ಟು ಐಟಿಐ ಹುಡುಗ ಹುಡುಗಿಯರಿಗೆ ನಿಮ್ಮಲ್ಲಿ ಅಪ್ರೆಂಟಿಸ್ ಜಾಗ? ಸುತ್ತಲಿನ ಎಷ್ಟು ಶೆಡ್ಡುಗಳಿಗೆ ನಿಮ್ಮ ಆರ್ಡರು? ಉತ್ತರವನ್ನು ಒಪ್ಪಂದದಲ್ಲಿ ಬರೆಸಿಕೊಂಡು, ವರ್ಷಕ್ಕೊಮ್ಮೆ ಲೆಕ್ಕ ಕೇಳಿ, ಅದನ್ನು ಊರವರ ಮುಂದಿಡಲಿ.