ಮಾರೇನಹಳ್ಳಿಗೆ 30 ಮನೆ ಯಾಕೆ?

ಪದಬಂಧ ಮಾಡೋಕೆ ಮಾರೇನಹಳ್ಳಿ, ಅತ್ತಿಗುಪ್ಪೆ, ಹೊಸಹಳ್ಳಿ ಅಂತ ನಮ್ಮ ಸುತ್ತಮುತ್ತಲಿನ ಹೆಸರುಗಳ ಪಟ್ಟಿ ಕೊಟ್ಟು, ಯಾವುದಕ್ಕೆ ಎಷ್ಟು ಮನೆ ಬೇಕು ಅಂತ ಎಣಿಸೋ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ತಗೊಳ್ಳೋಣ. ಹೊಸ ಲ್ಯಾಪ್‌ಟಾಪ್‌ನಲ್ಲಿ ಅದು ಸಲೀಸಾಗಿ ಓಡುತ್ತೆ. ಉಬುಂಟು 16.04 ಹಾಕಿರೋ ಹಳೇ ಯಂತ್ರದಲ್ಲಿ ಮೊದಲ ಸಾಲುಗಳಲ್ಲೇ ಮುಗ್ಗರಿಸುತ್ತೆ.

ಕೋಡ್ ಮುಟ್ಟೋ ಮೊದಲು ಒಂದು ಕೆಲಸ ಮಾಡಬೇಕು: ಓಡ್ತಿರೋದು ಯಾವ ಪೈಥಾನ್ ಅಂತ ನೋಡೋದು. ಆ ಉಬುಂಟುವಿನಲ್ಲಿ ಬರೀ ಪೈಥಾನ್ ಅಂತ ಟೈಪ್ ಮಾಡಿದರೆ 2.7 ಏಳುತ್ತೆ, ಪೈಥಾನ್3 ಅಂದರೆ 3.5.

2.7ರಲ್ಲಿ ಮೊದಲು ಬರೋ ದೂರು 'ನಾನ್-ಆಸ್ಕಿ ಕ್ಯಾರೆಕ್ಟರ್' ಅಂತ. ಫೈಲ್‌ನಲ್ಲಿ ಕನ್ನಡ ಇದೆ, ಎನ್‌ಕೋಡಿಂಗ್ ಯಾವುದು ಅಂತ ಯಾರೂ ಹೇಳಿಲ್ಲ, ಅಷ್ಟೇ. ಮೊದಲ ಸಾಲಿನ ಕಾಮೆಂಟ್‌ನಲ್ಲಿ ಯುಟಿಎಫ್-8 ಅಂತ ಘೋಷಿಸಿದರೆ ಆ ದೂರು ಹೋಗಿ ಮುಂದಿನದು ಬರುತ್ತೆ: ಸಿಂಟ್ಯಾಕ್ಸ್ ಎರರ್. ಅದಕ್ಕೆ ಕಾರಣ ಎಫ್-ಸ್ಟ್ರಿಂಗ್. ಅದು ಬಂದಿದ್ದೇ 3.6ರಲ್ಲಿ, 2016ರ ಡಿಸೆಂಬರ್‌ನಲ್ಲಿ, ಹಾಗಾಗಿ 3.5ಕ್ಕೂ ಅದು ಅರ್ಥವಾಗಲ್ಲ. ಸ್ಕ್ರಿಪ್ಟ್ ತಲೆಯಲ್ಲೇ ಆವೃತ್ತಿ ಪರೀಕ್ಷೆ ಹಾಕಿ, "ಹೊಸ ಪೈಥಾನ್ ಬೇಕು" ಅಂತ ಹೇಳಿಸೋಣ ಅನ್ನಿಸುತ್ತೆ. ಪ್ರಯೋಜನವಿಲ್ಲ. ಪೈಥಾನ್ ಇಡೀ ಫೈಲನ್ನು ಓದಿ ವ್ಯಾಕರಣ ಒಪ್ಪಿದ ಮೇಲೇ ಮೊದಲ ಸಾಲನ್ನು ಓಡಿಸೋದು. ನಮ್ಮ ಎಚ್ಚರಿಕೆಗೆ ಸರದಿಯೇ ಬರಲ್ಲ. ಎಫ್-ಸ್ಟ್ರಿಂಗ್ ಬದಲು ಹಳೇ ಫಾರ್ಮ್ಯಾಟ್ ಮೆಥಡ್ ಬಳಸಿದರೆ ಎರಡರಲ್ಲೂ ದಾಟುತ್ತೆ.

ನಿಜವಾದ ಅಪಾಯ ಇರೋದು ಇದಾದ ಮೇಲೆ. ಈಗ 2.7ರಲ್ಲಿ ಎರರ್ ಇಲ್ಲ, ಆದರೆ ಲೆನ್ ಫಂಕ್ಷನ್ ಮಾರೇನಹಳ್ಳಿಗೆ 30 ಅನ್ನುತ್ತೆ! ಪೈಥಾನ್ 2ರಲ್ಲಿ ಮಾಮೂಲಿ ಸ್ಟ್ರಿಂಗ್ ಅಂದರೆ ಬೈಟ್‌ಗಳ ಸಾಲು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಕೆಂಪು ಅಕ್ಷರದ ಎರರ್ ಬಂದರೆ ಯಾರಾದರೂ ನೋಡ್ತಾರೆ. ತಪ್ಪು ಸಂಖ್ಯೆ ಸದ್ದಿಲ್ಲದೆ ಅಚ್ಚಿಗೆ ಹೋಗಿಬಿಡುತ್ತೆ. ಸ್ಟ್ರಿಂಗ್ ಮುಂದೆ 'ಯು' ಸೇರಿಸಿದರೆ, ಇಲ್ಲವೇ ಪೈಥಾನ್3ರಲ್ಲೇ ಓಡಿಸಿದರೆ, 10 ಬರುತ್ತೆ. ಎರಡನೇ ದಾರಿಯೇ ವಾಸಿ, 2.7ಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿದೆ.

10 ಕೂಡ ಪದಬಂಧಕ್ಕೆ ಆಗಲ್ಲ. ನಮ್ಮ ಬಾಯಿಗೆ ಅದು ಮಾ-ರೇ-ನ-ಹ-ಳ್ಳಿ, ಐದೇ ಅಕ್ಷರ. ಯುನಿಕೋಡ್ ದೀರ್ಘ, ಏತ್ವ, ಗುಡಿಸು, ಹಲಂತ ಎಲ್ಲವನ್ನೂ ಬೇರೆಬೇರೆಯಾಗಿ ಎಣಿಸುತ್ತೆ. ಅದಕ್ಕೆ ಯುನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಪ್ರತಿ ಸಂಕೇತದ ವರ್ಗ ಕೇಳಿ, 'ಎಂ'ನಿಂದ ಶುರುವಾಗೋವನ್ನು ಎಣಿಕೆಯಿಂದ ಬಿಡಬೇಕು. ಹಲಂತದ ಬೆನ್ನಿಗೇ ಬರೋ ವ್ಯಂಜನವನ್ನೂ ಬಿಡಬೇಕು, ಅದು ಒತ್ತಕ್ಷರ. ಆಗ ಉಳಿಯೋದು ಮ, ರ, ನ, ಹ, ಳ. ಐದು ಮನೆ.

'ಟೋಲ್‌ಗೇಟ್' ಅಂತ ಹೆಸರು ಬಂದರೆ ಇನ್ನೊಂದು ತಮಾಷೆ ಇದೆ. ಲ್ ಕೆಳಗೆ ಗ ಒತ್ತಾಗದ ಹಾಗೆ ಕೀಬೋರ್ಡ್ ಅಲ್ಲಿ ಒಂದು ಕಾಣದ ಸಂಕೇತ ಸೇರಿಸಿರುತ್ತೆ. ಅದರ ವರ್ಗ 'ಸಿಎಫ್'. ಅದನ್ನೂ ಎಣಿಸಬಾರದು, ಆದರೆ ಅಳಿಸಲೂ ಬಾರದು. ಅಳಿಸಿದರೆ ಗೇ ಹೋಗಿ ಒತ್ತಕ್ಷರದ ಲೆಕ್ಕಕ್ಕೆ ಸೇರಿ, ನಾಲ್ಕು ಮನೆ ಮೂರಾಗುತ್ತೆ.

ಹಾಂ, ಇಷ್ಟೆಲ್ಲ ಯಾಕೆ, ಯಂತ್ರದ ಪೈಥಾನನ್ನೇ ಕಿತ್ತು ಹೊಸದು ಹಾಕೋಣ ಅನ್ನೋ ಗೆಳೆಯರು ಇದ್ದೇ ಇರ್ತಾರೆ. ಉಬುಂಟುವಿನ ಎಷ್ಟೋ ಸಲಕರಣೆಗಳು ಅದೇ ಪೈಥಾನ್ ಮೇಲೆ ನಿಂತಿವೆ. ಅದನ್ನು ಮುಟ್ಟಿದರೆ ಟರ್ಮಿನಲ್ಲೇ ತೆರೆಯದೆ ಹೋಗಬಹುದು. ಹೊಸ ಆವೃತ್ತಿ ಬೇಕಿದ್ದರೆ ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಬೇರೆಯಾಗಿ ಹಾಕಿಕೊಳ್ಳಿ.