ಕ್ಯಾಸೆಟ್ಟಿನಲ್ಲಿ ಬಂದ ಕಂಪ್ಯೂಟರ್ ಆಟ

ಹಾಡು ಕೇಳುವ ಕ್ಯಾಸೆಟ್ಟಿನಲ್ಲಿ ಕಂಪ್ಯೂಟರ್ ಆಟ ಬರುತ್ತಿತ್ತು ಎಂದರೆ ಇಂದಿನ ಮಕ್ಕಳು ನಂಬಲಿಕ್ಕಿಲ್ಲ. 1980ರ ದಶಕದ ಬ್ರಿಟನ್ನಿನಲ್ಲಿ ಇದು ತೀರಾ ಸಾಮಾನ್ಯವಾಗಿತ್ತು.

1981ರಲ್ಲಿ ಕ್ಲೈವ್ ಸಿಂಕ್ಲೇರ್ ಅವರ ಕಂಪೆನಿ ಹೊರತಂದ ಝಡ್‌ಎಕ್ಸ್ 81 ಯಂತ್ರದ ಸ್ಮರಣಶಕ್ತಿ ಕೇವಲ 1 ಕಿಲೋಬೈಟ್. ಈ ಪುಟ್ಟ ಲೇಖನವೂ ಅದರಲ್ಲಿ ಹಿಡಿಸದು. ಹೆಚ್ಚು ಬೇಕೆಂದವರು 16 ಕಿಲೋಬೈಟಿನ ಪೆಟ್ಟಿಗೆಯೊಂದನ್ನು ಹಿಂಬದಿಗೆ ಸಿಕ್ಕಿಸಬೇಕಿತ್ತು. ಅದು ಕೊಂಚ ಅಲುಗಾಡಿದರೂ ಸಾಕು, ಗಂಟೆಗಟ್ಟಲೆ ಕುಟ್ಟಿದ ಪ್ರೋಗ್ರಾಂ ಮಾಯ!

1982ರ ಏಪ್ರಿಲ್‌ನಲ್ಲಿ ಬಂದ ಸ್ಪೆಕ್ಟ್ರಮ್ ಬಣ್ಣ ತಂದಿತು. ಅಗ್ಗದ ಮಾದರಿಗೆ 125 ಪೌಂಡ್. ಮನೆಯ ಟಿ.ವಿ.ಯೇ ಪರದೆ, ಟೇಪ್‌ರೆಕಾರ್ಡರೇ ಭಂಡಾರ. ಸೊನ್ನೆಗೆ ಗಿಡ್ಡ, ಒಂದಕ್ಕೆ ಉದ್ದ ಸದ್ದಿನ ಅಲೆ. ಆ ಕೀರಲು ದನಿಯನ್ನು ನಾಲ್ಕೈದು ನಿಮಿಷ ಕೇಳಿದ ಮೇಲೆ ಆಟ ಶುರು. ದನಿಯ ಮಟ್ಟ ಹೆಚ್ಚುಕಮ್ಮಿಯಾದರೆ ಮತ್ತೆ ಮೊದಲಿನಿಂದ.

ಈ ಕಷ್ಟವೇ ಒಂದು ಪೀಳಿಗೆಗೆ ಪಾಠವಾಯಿತು. ಪತ್ರಿಕೆಗಳಲ್ಲಿ ಅಚ್ಚಾದ ಬೇಸಿಕ್ ಪ್ರೋಗ್ರಾಂಗಳನ್ನು ಸಾಲುಸಾಲಾಗಿ ಕುಟ್ಟಿ, ತಪ್ಪು ಹುಡುಕಿ ತಿದ್ದುವಷ್ಟರಲ್ಲಿ ಆಡುವವನೇ ಬರೆಯುವವನಾಗುತ್ತಿದ್ದ. 1983ರಲ್ಲಿ ಹೆಸರಾದ ‘ಮ್ಯಾನಿಕ್ ಮೈನರ್’ ಆಟ ಬರೆದ ಮ್ಯಾಥ್ಯೂ ಸ್ಮಿತ್ ಆಗಿನ್ನೂ ಹದಿಹರೆಯದ ಹುಡುಗ.

1986ರಲ್ಲಿ ಸಿಂಕ್ಲೇರ್ ಕಂಪ್ಯೂಟರ್ ವ್ಯವಹಾರ ಆಮ್‌ಸ್ಟ್ರಾಡ್ ಕಂಪೆನಿಯ ಪಾಲಾಯಿತು; 1992ರಲ್ಲಿ ಸ್ಪೆಕ್ಟ್ರಮ್ ತಯಾರಿಕೆಯೂ ನಿಂತಿತು. ಕ್ಯಾಸೆಟ್ಟಿನ ಕಾಂತಲೇಪನ ವರ್ಷ ಕಳೆದಂತೆ ಕೆಡುತ್ತದೆ. ಹಾಗಾಗಿ ಹವ್ಯಾಸಿಗಳು ಆ ಸದ್ದನ್ನು ಡಿಜಿಟಲ್ ಕಡತಗಳಾಗಿ ಉಳಿಸುತ್ತಿದ್ದಾರೆ. ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ ಅವು ಮತ್ತೆ ಓಡುತ್ತವೆ. ಅಂಗಡಿಯಲ್ಲಿ ಮಾರಿದ ಆಟಗಳಿಗೆ ಸಾವಿರಾರು ಪ್ರತಿಗಳಿದ್ದವು. ಹುಡುಗನೊಬ್ಬ ಮನೆಯಲ್ಲೇ ಬರೆದಿಟ್ಟ ಪ್ರೋಗ್ರಾಂ ಮಾತ್ರ ಒಂದೇ ಕ್ಯಾಸೆಟ್ಟಿನಲ್ಲಿ. ಅದು ಕೆಟ್ಟರೆ ಮತ್ತೊಂದಿಲ್ಲ.